ಹಸಿ ಮೆಕ್ಕೆಜೋಳದ ಪಿಷ್ಟ: ಬೇಯಿಸಬಾರದು, ಆದರೆ ಕಾಯಿಸಬಹುದೇ?

ಪ್ರಶ್ನೆ (ಆಹಾರ ವಿಜ್ಞಾನದ ವಿದ್ಯಾರ್ಥಿನಿ):
ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಗ್ಲೂಕೋಸ್‌ನ ರೂಪ) ಶೇಖರಣಾ ಕಾಯಿಲೆಯ ಮೊದಲನೆಯ ಬಗೆಯಿರುವ ಮಕ್ಕಳಿಗೆ ಮೆಕ್ಕೆಜೋಳದ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಹಸಿಯಾಗಿಯೇ ಕುಡಿಸುತ್ತಾರೆಂದು ಓದಿದೆ. ರಾತ್ರಿಗೆಂದು ಶಾಖ ಮತ್ತು ತೇವಾಂಶದಿಂದ ಸಂಸ್ಕರಿಸಿದ ಪಿಷ್ಟವೂ ಇದೆಯಂತೆ. ಬೇಯಿಸಿದರೆ ಕೆಡುವ ಗುಣ ಶಾಖ ಕೊಟ್ಟಾಗ ಹೆಚ್ಚುವುದು ಹೇಗೆ? ನಿಧಾನವಾಗಿ ಜೀರ್ಣವಾಗುವುದಷ್ಟೇ ಬೇಕಿದ್ದರೆ ಹಸಿ ಆಲೂಗಡ್ಡೆಯ ಪಿಷ್ಟವೇ ಸಾಲದೇ?

ಉತ್ತರ 1:
ಆಲೂಗಡ್ಡೆಯ ಪಿಷ್ಟ ಸಾಲದು. ಈ ಮಕ್ಕಳ ಯಕೃತ್ತಿನಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವದ ವ್ಯವಸ್ಥೆ ಕೆಲಸ ಮಾಡದ ಕಾರಣ ಕೂಡಿಟ್ಟ ಗ್ಲೈಕೋಜನ್ ಗ್ಲೂಕೋಸ್ ಆಗಿ ರಕ್ತಕ್ಕೆ ಬರಲಾರದು. ಊಟವಾದ ಕೆಲವೇ ಗಂಟೆಗಳಲ್ಲಿ ಸಕ್ಕರೆಯ ಮಟ್ಟ ಅಪಾಯಕರವಾಗಿ ಇಳಿಯುತ್ತದೆ. ಆದ್ದರಿಂದ ಪಿಷ್ಟ ನಿಧಾನವಾಗಿ ಕರಗಬೇಕು, ಆದರೂ ಸಣ್ಣ ಕರುಳಿನಲ್ಲಿಯೇ ಕರಗಬೇಕು. ಹಸಿ ಆಲೂಗಡ್ಡೆಯ ದೊಡ್ಡ, ನುಣುಪಾದ ಕಣಗಳನ್ನು ಪಿಷ್ಟ ಜೀರ್ಣಿಸುವ ಕಿಣ್ವವಾದ ಅಮೈಲೇಸ್ ಸುಲಭವಾಗಿ ಭೇದಿಸಲಾರದು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಮೆಕ್ಕೆಜೋಳದ ಕಣದ ಮೇಲೆ ಸೂಕ್ಷ್ಮ ರಂಧ್ರಗಳಿದ್ದು, ಕಿಣ್ವವು ಅವುಗಳಿಂದ ಒಳಹೊಕ್ಕು ಒಳಗಿನಿಂದ ಹೊರಕ್ಕೆ ಕರಗಿಸುತ್ತ ಬರುತ್ತದೆ. 1984ರಲ್ಲಿ ಚೆನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಪ್ರಕಟಿಸುವ ಮೊದಲು ಮೂಗಿನ ನಳಿಕೆಯ ಮೂಲಕ ರಾತ್ರಿಯಿಡೀ ಆಹಾರ ಹರಿಸುವುದೇ ಮುಖ್ಯ ಉಪಾಯವಾಗಿತ್ತು. ಅಡುಗೆಮನೆಯ ಒಂದು ಪುಡಿ ಆ ಕುಟುಂಬಗಳಿಗೆ ತಂದ ಬಿಡುಗಡೆ ಸಣ್ಣದಲ್ಲ.

ಉತ್ತರ 2:
ಶಾಖಕ್ಕಿಂತ ಇಲ್ಲಿ ನೀರಿನ ಪ್ರಮಾಣವೇ ನಿರ್ಣಾಯಕ. ನೀರು ಧಾರಾಳವಾಗಿದ್ದರೆ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಣ ಉಬ್ಬಿ, ಅದರ ಹರಳಿನಂಥ ರಚನೆ ಕುಸಿದು, ಪಿಷ್ಟ ಗಂಜಿಯಾಗುತ್ತದೆ. ಕಿಣ್ವಕ್ಕೆ ಮತ್ತೆ ತಡೆಯೇ ಇಲ್ಲ. ತೇವಾಂಶವನ್ನು ಶೇಕಡಾ 35ಕ್ಕಿಂತ ಕಡಿಮೆಯಿರಿಸಿ 90ರಿಂದ 120 ಡಿಗ್ರಿಯವರೆಗೆ ಕಾಯಿಸಿದಾಗಲಾದರೋ ಕಣ ಒಡೆಯುವುದಿಲ್ಲ, ಒಳಗಿನ ಪಿಷ್ಟದ ಅಣುಸರಪಳಿಗಳು ಮಾತ್ರ ಸಡಿಲಗೊಂಡು ಹೊಸ ರೀತಿಯಲ್ಲಿ ಹೊಂದಿಕೊಳ್ಳುತ್ತವೆ. ಹೀಗಾಗಿ ಪಿಷ್ಟ ಇನ್ನೂ ನಿಧಾನವಾಗಿ ಜೀರ್ಣವಾಗುತ್ತದೆ. ರಾತ್ರಿಯ ಉತ್ಪನ್ನಕ್ಕೆ ಆರಿಸಿಕೊಂಡಿರುವುದು ಬಹುತೇಕ ಅಮೈಲೋಪೆಕ್ಟಿನ್ನೇ (ಕವಲೊಡೆದ ಸರಪಳಿಯ ಪಿಷ್ಟ) ಇರುವ ಮೇಣಜೋಳವೆಂಬ ಮೆಕ್ಕೆಜೋಳದ ತಳಿಯ ಪಿಷ್ಟ. ಅಮೈಲೋಸ್ (ಹೆಚ್ಚು ಕವಲಿಲ್ಲದ ಸರಪಳಿಯ ಪಿಷ್ಟ) ಹೆಚ್ಚಿರುವ ತಳಿಯಾಗಿದ್ದರೆ ಆಲೂಗಡ್ಡೆಯಂತೆ ಅದೂ ಬಹುಮಟ್ಟಿಗೆ ಜೀರ್ಣವಾಗದೆ ಉಳಿಯುವ ಸಾಧ್ಯತೆಯಿತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಿದ್ದರೆ ಮನೆಯಲ್ಲಿಯೇ ಕಾರ್ನ್‌ಫ್ಲೋರನ್ನು ಕಾಯಿಸಿ ಬಳಸಬಹುದೇ?

ಉತ್ತರ 1:
ದಯವಿಟ್ಟು ಯಾರೂ ಪ್ರಯತ್ನಿಸಬಾರದು. ತೇವಾಂಶ ಸ್ವಲ್ಪ ಹೆಚ್ಚಾದರೂ ಕಣಗಳು ಕೆಟ್ಟು, ಮಗು ಮಲಗಿರುವಾಗಲೇ ಸಕ್ಕರೆ ಇಳಿದುಬಿಡಬಹುದು. ಪಿಷ್ಟವನ್ನು ಬಿಸಿ ಹಾಲಿನಲ್ಲಿ ಕದಡುವುದೂ ಇದೇ ಕಾರಣಕ್ಕೆ ತಪ್ಪು. ಎಳೆಯ ಶಿಶುಗಳಲ್ಲಿ ಮೇದೋಜೀರಕದ ಅಮೈಲೇಸ್ ಇನ್ನೂ ಸಾಕಷ್ಟಿರುವುದಿಲ್ಲವಾದ್ದರಿಂದ ಯಾವ ವಯಸ್ಸಿನಲ್ಲಿ, ಎಷ್ಟು, ಎಷ್ಟು ಗಂಟೆಗೊಮ್ಮೆ ಕೊಡಬೇಕೆಂಬುದನ್ನು ವೈದ್ಯರು ರಕ್ತಪರೀಕ್ಷೆಯ ಆಧಾರದಲ್ಲಿ ಪ್ರತಿ ಮಗುವಿಗೂ ಬೇರೆಯಾಗಿಯೇ ನಿರ್ಧರಿಸುತ್ತಾರೆ.