ಫ್ಲೋಟಿಂಗ್ ಪಾಯಿಂಟ್ ಪ್ರಶ್ನೋತ್ತರ: ಮಂಗಳೂರು–ಉಡುಪಿ ಕೋಡಿಂಗ್ ಗುಂಪು

ಸುರತ್ಕಲ್: ಮೇಡಂ, ನಾಡಿದ್ದು ಇಂಟರ್ನಲ್ಸ್. ಸೈನ್, ಎಕ್ಸ್‌ಪೋನೆಂಟ್, ಮ್ಯಾಂಟಿಸ್ಸಾ ಅಂದ್ರೆ ಎಂತ?

ಮೇಡಂ: ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಇಡುವ ರೀತಿಯೇ ಫ್ಲೋಟಿಂಗ್ ಪಾಯಿಂಟ್, ಚಿಕ್ಕದಾಗಿ ಫ್ಲೋಟ್. 6.5 ತೆಗೆದುಕೊಳ್ಳಿ. ಬೈನರಿಯಲ್ಲಿ (0, 1 ಮಾತ್ರ ಇರುವ ಲೆಕ್ಕದಲ್ಲಿ) 110.1. ಬಿಂದುವನ್ನು ಎರಡು ಮನೆ ಎಡಕ್ಕೆ ಸರಿಸಿದರೆ 1.101. ಇದು ಮ್ಯಾಂಟಿಸ್ಸಾ. ಸರಿಸಿದ ಆ 2 ಎಕ್ಸ್‌ಪೋನೆಂಟ್. ಪ್ಲಸ್ಸೋ ಮೈನಸ್ಸೋ ಹೇಳುವುದು ಸೈನ್. 32 ಬಿಟ್ ಫ್ಲೋಟ್‌ನಲ್ಲಿ ಸೈನ್‌ಗೆ 1, ಎಕ್ಸ್‌ಪೋನೆಂಟ್‌ಗೆ 8, ಮ್ಯಾಂಟಿಸ್ಸಾಕ್ಕೆ 23 ಬಿಟ್. ಮೊದಲ 1 ಹೇಗೂ ಇರುತ್ತದೆ, ಅದನ್ನು ಬರೆದಿಡುವುದಿಲ್ಲ.

ಪುತ್ತೂರು: 0.1 + 0.2 ಕೊಟ್ಟರೆ ಪೈಥಾನ್ 0.30000000000000004 ಅನ್ನುತ್ತದೆ. ಬಗ್ ಅಲ್ವಾ?

ಮೇಡಂ: ಅಲ್ಲ. 0.1 ಬೈನರಿಯಲ್ಲಿ ಮುಗಿಯುವುದೇ ಇಲ್ಲ. ಎಲ್ಲೋ ನಿಲ್ಲಿಸಿ ರೌಂಡ್ ಮಾಡಬೇಕು. ಅದೇ ರೌಂಡಿಂಗ್ ಎರರ್.

ಕಾರ್ಕಳ: ನಮ್ಮ ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಆಪ್ ಬರೆದಿದ್ದೇನೆ. ಏಜೆಂಟರು ಉಪಯೋಗಿಸಲು ಶುರು ಮಾಡಿದ್ದಾರೆ. ಒಟ್ಟು ಮೊತ್ತ ಫ್ಲೋಟ್‌ನಲ್ಲಿದೆ. ಪೈಸೆ ಸ್ವಲ್ಪ ಆಚೀಚೆ. ತೊಂದರೆ ಇಲ್ಲ ಅಲ್ವಾ?

ಮೇಡಂ: ತೊಂದರೆ ಇದೆ ಮಾರಾಯ್ರೆ. ಇವತ್ತೇ ನಿಲ್ಲಿಸಿ. 32 ಬಿಟ್ ಫ್ಲೋಟ್‌ಗೆ ಇರುವುದು, ಬರೆದಿಡದ ಆ 1 ಸೇರಿ, 24 ಬಿಟ್ ಪ್ರಿಸಿಷನ್ (ನಿಖರತೆ). ಮೊತ್ತ 1,31,072 ದಾಟಿದರೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 1/64, ಅಂದರೆ ಒಂದೂವರೆ ಪೈಸೆಗೂ ಜಾಸ್ತಿ. ಅಲ್ಲಿಗೆ ಪೈಸೆ ಲೆಕ್ಕ ಹೋಯಿತು. 1,67,77,216ಕ್ಕೆ ಒಂದು ರೂಪಾಯಿ ಕೂಡಿಸಿ ನೋಡಿ, ಮೊತ್ತ ಕದಲುವುದಿಲ್ಲ. ಎರರ್ ಮೆಸೇಜೂ ಬರುವುದಿಲ್ಲ, ನನಗೆ ಹೆದರಿಕೆ ಅದೇ. ಮೀನು ಮಾರುವವರು, ಬೀಡಿ ಕಟ್ಟುವವರು ದಿನಾ ಕೊಡುವ ದುಡ್ಡು ಅದು. ಎಲ್ಲವನ್ನೂ ಪೈಸೆ ಮಾಡಿ 64 ಬಿಟ್ ಇಂಟಿಜರ್‌ನಲ್ಲಿ (ಪೂರ್ಣಾಂಕದಲ್ಲಿ) ಇಡಿ. ಡೇಟಾಬೇಸ್‌ನಲ್ಲಾದರೆ ಡೆಸಿಮಲ್ ಟೈಪ್ ಇದೆ. ಬಡ್ಡಿಯನ್ನು ಯಾವಾಗ ರೌಂಡ್ ಮಾಡಬೇಕು ಅಂತ ಸೊಸೈಟಿಯ ಮ್ಯಾನೇಜರನ್ನು ಕೇಳಿ, ನೀವೇ ತೀರ್ಮಾನಿಸಬೇಡಿ. ಈವರೆಗಿನ ಮೊತ್ತವನ್ನು ರಸೀದಿ ಹಿಡಿದು ಮತ್ತೆ ಕೂಡಿಸಿ.

ಕುಂದಾಪುರ: ಒಂದು ಫಾರ್ವರ್ಡ್ ಬಂದಿತ್ತು. ‘ಪ್ರತಿ ಮೊತ್ತಕ್ಕೂ 0.00001 ಸೇರಿಸಿ, ಎಲ್ಲ ಸರಿಯಾಗುತ್ತದೆ.’

ಮೇಡಂ: ಆಗುವುದಿಲ್ಲ. ದೊಡ್ಡ ಮೊತ್ತಕ್ಕೆ ಅದು ಸೇರುವುದೇ ಇಲ್ಲ, ಸಣ್ಣ ಮೊತ್ತದಲ್ಲಿ ಹೊಸ ತಪ್ಪು. ದಯವಿಟ್ಟು ಇನ್ನೊಂದು ಗುಂಪಿಗೆ ಕಳಿಸಬೇಡಿ.

ಬಂಟ್ವಾಳ: ಸುಮ್ನೆ ಹೆದರಿಸುತ್ತೀರಿ. ಡಬಲ್ (64 ಬಿಟ್ ಫ್ಲೋಟ್) ಹಾಕಿದರೆ 53 ಬಿಟ್ ಪ್ರಿಸಿಷನ್. ಯಾವ ಸೊಸೈಟಿಯಲ್ಲಿ ಅಷ್ಟು ದುಡ್ಡಿದೆ?

ಮಣಿಪಾಲ: ಡಬಲ್‌ನಲ್ಲೂ 0.1 ಸರಿಯಾಗಿ ಕೂರುವುದಿಲ್ಲ.

ಬಂಟ್ವಾಳ: ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವವನು ನಾನು. ನನಗೆ ಹೇಳಿಕೊಡುವುದು ಬೇಡ.

ಮಣಿಪಾಲ: ಹಾಗಾದರೆ ಪೈಥಾನ್‌ನಲ್ಲಿ 1.005 ಅನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿ ತೋರಿಸಿ. 1.01 ಬರುವುದಿಲ್ಲ, 1.0 ಬರುತ್ತದೆ. ಆ ಒಂದು ಪೈಸೆ ಯಾರದ್ದು?

ಬ್ರಹ್ಮಾವರ: ನ್ಯಾನ್ (NaN, ‘ಸಂಖ್ಯೆ ಅಲ್ಲ’ ಎನ್ನುವ ಫ್ಲೋಟ್ ಬೆಲೆ) ತನಗೆ ತಾನೇ ಸಮ ಅಲ್ಲವಂತೆ, ಯಾಕೆ?

ಮೂಡುಬಿದಿರೆ: ಮೇಡಂ, 0.1 + 0.2 ತಪ್ಪು ಬರುತ್ತಿದೆ.

ಮೇಡಂ: ಮೇಲೆ ಓದಿ.

ಬಂಟ್ವಾಳ: ಒಂದು ಪೈಸೆಗೆ ಇಷ್ಟು ಗಲಾಟೆಯಾ?

ಮೇಡಂ: ಹೌದು, ಒಂದು ಪೈಸೆಗೇ. ಜಗಳ ಬೇರೆ ಕಡೆ ಆಡಿ. ಕಾರ್ಕಳದವರೇ, ಆಪ್ ನಿಲ್ಲಿಸಿದಿರಾ ಇಲ್ವಾ, ಅದನ್ನು ಮೊದಲು ಹೇಳಿ.