ಹಂಡೆ ಬಿಸಿನೀರಿಗೆ ಮಾತ್ರ ಬಗ್ಗುವ ವಾಂತಿ: ಡಾಕ್ಟ್ರಿಗೆ ಪ್ರಶ್ನೆ

(ಮಂಗಳೂರು-ಉಡುಪಿ ಬಳಗ. ಇವತ್ತಿನ ವಿಷಯ: ವರ್ಷಗಟ್ಟಲೆ ಗಾಂಜಾ ಸೇದುವವರ ಆರೋಗ್ಯ)

ಸುರತ್ಕಲ್: ಡಾಕ್ಟ್ರೆ, ಗಾಂಜಾ ಮೂತ್ರದಲ್ಲಿ ಎಷ್ಟು ದಿನ ಸಿಗ್ತದೆ?

ಡಾಕ್ಟರ್: ಅಪರೂಪಕ್ಕೆ ಸೇದಿದರೆ ಮೂರ್ನಾಲ್ಕು ದಿನ. ದಿನವೂ ಸೇದುವವರಲ್ಲಿ 30 ದಿನ, ಕೆಲವೊಮ್ಮೆ ಹೆಚ್ಚು. ಕೊಬ್ಬಿನಲ್ಲಿ ಕೂತುಬಿಡ್ತದೆ.

ಕಾರ್ಕಳ: ತಮ್ಮನಿಗೆ 24 ವರ್ಷ, ಐದು ವರ್ಷದಿಂದ ದಿನವೂ ಉಂಟು. ಎರಡು ತಿಂಗಳಿಗೊಮ್ಮೆ ವಾಂತಿ ಶುರುವಾದರೆ ಮೂರು ದಿನ ನಿಲ್ಲುವುದಿಲ್ಲ. ಎಂಡೋಸ್ಕೋಪಿ ನಾರ್ಮಲ್. ಹಂಡೆ ಖಾಲಿಯಾಗುವವರೆಗೆ ಬಿಸಿನೀರು ಹುಯ್ದುಕೊಂಡರೆ ಮಾತ್ರ ಸಮಾಧಾನ. ನಿನ್ನೆಯಿಂದ ಪುನಃ ಶುರು.

ಡಾಕ್ಟರ್: ಆ ಹಂಡೆಯೇ ಸುಳಿವು. ಇದು ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಇರಬೇಕು, ಅಂದ್ರೆ ಗಾಂಜಾದಿಂದಲೇ ಬರುವ ವಿಪರೀತ ವಾಂತಿ. ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ಬರೆದ ಮೇಲೆ ಗೊತ್ತಾದದ್ದು. ಸ್ವಲ್ಪ ಗಾಂಜಾ ವಾಂತಿ ತಡೆಯುವುದು ನಿಜ, ವರ್ಷಗಟ್ಟಲೆ ವಿಪರೀತ ಸೇದಿದರೆ ಕೆಲವರಲ್ಲಿ ಉಲ್ಟಾ. ವಾಂತಿ ನಿಲ್ಲಲೆಂದು ಇನ್ನೊಂದು ಸೇದಿದರೆ ಮುಗಿಯಿತು, ಇನ್ನೂ ಜೋರಾಗ್ತದೆ. ಬಿಸಿನೀರಿನಿಂದ ಬೆವರಿ ಮತ್ತಷ್ಟು ನೀರು ಹೋಗ್ತದೆ, ಚರ್ಮ ಸುಡ್ತದೆ, ಕಿಡ್ನಿಗೆ ಪೆಟ್ಟು. ಆಸ್ಪತ್ರೆಯಲ್ಲಿ ಗಾಂಜಾ ಅಂತ ಬಾಯಿಬಿಟ್ಟು ಹೇಳಿ. ರಕ್ತದಲ್ಲಿ ಪೊಟ್ಯಾಸಿಯಂ ಲವಣ, ಕಿಡ್ನಿ ಹೇಗುಂಟು ಅಂತ ತಿಳಿಸುವ ಕ್ರಿಯೇಟಿನಿನ್, ಜೊತೆಗೆ ಇಸಿಜಿ ನೋಡಬೇಕೇಬೇಕು. ಮಾಮೂಲಿ ವಾಂತಿ ಮದ್ದು ಆಂಡನ್‌ಸೆಟ್ರಾನ್ ಹೆಚ್ಚಾಗಿ ಸೋಲ್ತದೆ. ಇಸಿಜಿ ನೋಡಿ ಹ್ಯಾಲೋಪೆರಿಡಾಲ್ ಅಂತ ಬೇರೆ ಮದ್ದು ಕೊಡುವುದುಂಟು. ಹೊಟ್ಟೆಗೆ ಕ್ಯಾಪ್ಸೈಸಿನ್ ಮುಲಾಮು ಹಚ್ಚುವುದೂ ಉಂಟು, ಮೆಣಸಿನ ಖಾರದ ಸತ್ವ. ಬಿಸಿ ತಟ್ಟುವ ನರತುದಿಗೇ ಅದೂ ತಟ್ಟುವುದು. ಲೀಟರ್ ನೀರಿಗೆ ಲೀಟರಿನ ಓಆರ್‌ಎಸ್ ಪ್ಯಾಕೆಟ್ ಪೂರ್ತಿ, ಚಮಚ ಚಮಚವಾಗಿ. ಗಾಂಜಾ ಪೂರ್ತಿ ಬಿಟ್ಟರೆ ಮಾತ್ರ ಗುಣ, ಅದಕ್ಕೂ ತಿಂಗಳುಗಳು ಬೇಕು. ಬಿಟ್ಟ ಮೊದಲ ವಾರ ನಿದ್ದೆಗೇಡು, ಸಿಡುಕು ಜೋರು. ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಅವನಿಗೆ ಮೂತ್ರ ಸರಿ ಹೋಗ್ತಾ ಉಂಟಾ?

ಮಲ್ಪೆ: ಹಾಗಾದ್ರೆ ಗಾಂಧಾರಿ ಮೆಣಸು ಅರೆದು ಹಚ್ಚಬಹುದಲ್ಲ?

ಡಾಕ್ಟರ್: ಬೇಡ. ಮುಲಾಮಿನಲ್ಲಿ ಶೇ. 0.025ರಿಂದ 0.1 ಅಂತ ಅಳತೆ ಉಂಟು. ಅರೆದ ಮೆಣಸಿಗೆ ಎಂತ ಅಳತೆ? ಗುಳ್ಳೆ ಏಳ್ತದೆ.

ಬ್ರಹ್ಮಾವರ: ಬಂದದ್ದನ್ನು ಹಾಕಿದ್ದು: ಪುನರ್ಪುಳಿ ಸಿಪ್ಪೆ, ಜೀರಿಗೆ ನೆನೆಸಿ ಕುಡಿದರೆ ಏಳೇ ದಿನದಲ್ಲಿ ಗಾಂಜಾ ವಿಷ ಹೊರಗೆ 🙏

ಡಾಕ್ಟರ್: ಪುನರ್ಪುಳಿ ಸೆಕೆಗೆ ಒಳ್ಳೇದು. ಪೊಟ್ಯಾಸಿಯಂ ಇಳಿದು ಹೃದಯ ತಾಳ ತಪ್ಪಿದವನಿಗೆ ಡ್ರಿಪ್ ಬೇಕು, ಶರಬತ್ತಲ್ಲ. ದಯವಿಟ್ಟು ಇಲ್ಲಿ ಹಾಕಬೇಡಿ.

ಕೊಟ್ಟಾರ: ಗಾಂಜಾ ಗಿಡ ತಾನೇ? ಸಿಗರೇಟಿಗಿಂತ ವಾಸಿ.

ಮಲ್ಪೆ: ಕಾಸರ್ಕವೂ ಗಿಡವೇ ಮಾರಾಯ್ರೇ, ಅದರ ಬೀಜ ತಿಂತೀರಾ?

ಕೊಟ್ಟಾರ: ಶಿವನಿಗೂ ಭಂಗಿ ಇಡ್ತಾರಲ್ಲ!

ಮಲ್ಪೆ: ಶಿವ ಹಾಲಾಹಲ ದಕ್ಕಿಸಿಕೊಂಡವ. ನಿಮ್ಮ ಗಂಟಲು ಅಷ್ಟು ಗಟ್ಟಿ ಉಂಟಾ?

ಬೈಂದೂರು: ಗಾಂಜಾ ಬಿಟ್ಟ ಹುಡುಗನ ಸಂಬಂಧ ಬಂದಿದೆ, ಮಕ್ಕಳಾಗಲು ತೊಂದರೆಯಾ?

ಪಣಂಬೂರು: ಮೂತ್ರದಲ್ಲಿ ಎಷ್ಟು ದಿನ ಇರ್ತದೆ ಸರ್? ನಾಡಿದ್ದು ಮೆಡಿಕಲ್ ಉಂಟು.

ಡಾಕ್ಟರ್: ಮೇಲೆ ಓದಿ.

ಪಣಂಬೂರು: ನಿಂಬೆಹುಳಿ ಕುಡಿದರೆ?

ಡಾಕ್ಟರ್: ಮೇಲೆ ಓದಿ ಅಂದೆ.

ಕಾರ್ಕಳ: ಡಾಕ್ಟ್ರೆ, ಮೂತ್ರ ಬೆಳಿಗ್ಗೆಯಿಂದ ಒಂದೇ ಸಲ, ಚಾ ಡಿಕಾಕ್ಷನ್ ಹಾಗೆ. ಕೈಬೆರಳು ಸೆಟೆದುಕೊಳ್ತಾ ಉಂಟು.

ಡಾಕ್ಟರ್: ಫೋನ್ ಬದಿಗಿಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಈಗಲೇ ಕ್ಯಾಜುವಾಲ್ಟಿಗೆ ಹೊರಡಿ. ಬಚ್ಚಲಿಗೆ ಬಿಡಬೇಡಿ.