‘ನೇರ’ ವೋಲ್ಟೇಜೋ ‘ಏಕಮುಖ’ ವೋಲ್ಟೇಜೋ: ರೆಕ್ಟಿಫೈಯರಿನ ಮುಂದೆ ಒಂದು ಪದದ ತೊಡಕು

ಶಿವಮೊಗ್ಗದಲ್ಲಿ ಐಟಿಐ ಓದುತ್ತಿರುವ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗಾಗಿ ಪ್ರಯೋಗದ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಬ್ರಿಡ್ಜ್ ರೆಕ್ಟಿಫೈಯರಿನಿಂದ ಹೊರಬರುವ ನೇರ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿರಿ’ ಎಂಬ ವಾಕ್ಯವಿದೆ. (ದಿಕ್ಕು ಬದಲಿಸುತ್ತಿರುವ ಎಸಿ ವಿದ್ಯುತ್ತನ್ನು ಒಂದೇ ದಿಕ್ಕಿನ ಡಿಸಿಯಾಗಿಸುವುದು ರೆಕ್ಟಿಫೈಯರು; ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡುಗಳಿಂದ ಕಟ್ಟಿದರೆ ಅದು ಬ್ರಿಡ್ಜ್.) ವ್ಯಾಕರಣದಲ್ಲಿ ಕುಂದಿಲ್ಲ. ಆದರೆ ‘ನೇರ’ ಎಂಬ ಪದಕ್ಕೆ ಇಲ್ಲಿ ಯಾವ ಅರ್ಥವನ್ನು ಹಿಡಿಯಬೇಕು ಎಂಬುದರ ಮೇಲೆ ವಿದ್ಯಾರ್ಥಿ ತನ್ನ ಮೀಟರಿನ ಅಂಕಿಯನ್ನು ಸರಿಯಾಗಿ ತಿಳಿಯುತ್ತಾನೋ ತಪ್ಪಾಗಿ ತಿಳಿಯುತ್ತಾನೋ ಎಂಬುದು ನಿಂತಿದೆ. ಆದ್ದರಿಂದ ಬಲ್ಲವರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಶಾಲೆಯ ಪಠ್ಯಗಳಲ್ಲಿ ಎಸಿಗೆ ‘ಪರ್ಯಾಯ ವಿದ್ಯುತ್ ಪ್ರವಾಹ’ ಎಂದೂ ಡಿಸಿಗೆ ‘ನೇರ ವಿದ್ಯುತ್ ಪ್ರವಾಹ’ ಎಂದೂ ಬರೆಯುವುದು ರೂಢಿ. ಬ್ಯಾಟರಿಯ ಮಟ್ಟಿಗೆ ‘ನೇರ’ ಎಂದರೆ ತೊಂದರೆಯಿಲ್ಲ, ಏಕೆಂದರೆ ಅದರ ವೋಲ್ಟೇಜನ್ನು ಕಾಲಕ್ಕೆ ಎದುರಾಗಿ ಚಿತ್ರಿಸಿದರೆ ನಿಜಕ್ಕೂ ನೇರವಾದ ಗೆರೆಯೇ ಬರುತ್ತದೆ. ಮಲ್ಟಿಮೀಟರಿನ ತಿರುಗುಗುಂಡಿಯ ಮೇಲೆ ಡಿಸಿಗೆ ಇರುವ ಗುರುತೂ ಒಂದು ನೇರ ಗೆರೆ ಮತ್ತು ಅದರಡಿ ಮೂರು ತುಂಡುಗೆರೆ. ಹೀಗಾಗಿ ಪದ, ಚಿತ್ರ, ಗುರುತು ಮೂರೂ ಒಂದನ್ನೊಂದು ಪುಷ್ಟೀಕರಿಸುತ್ತವೆ. ಆದರೆ ಡಯೋಡುಗಳನ್ನು ದಾಟಿ, ಇನ್ನೂ ಕೆಪಾಸಿಟರನ್ನು (ವಿದ್ಯುದಾವೇಶವನ್ನು ಕೂಡಿಟ್ಟು ಮತ್ತೆ ಕೊಡುವ ಬಿಡಿಭಾಗವನ್ನು) ತಲುಪದ ವೋಲ್ಟೇಜು ನೇರವಲ್ಲ. ಅದು ಸೊನ್ನೆಯಿಂದ ಶಿಖರಕ್ಕೆ ಏರಿ ಮತ್ತೆ ಸೊನ್ನೆಗೆ ಇಳಿಯುವ ಗುಡ್ಡಗಳ ಸಾಲು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬ್ರಿಡ್ಜ್ ಹಾಕಿದಾಗ ಸೆಕೆಂಡಿಗೆ 100 ಗುಡ್ಡಗಳು. ಅದು ದಿಕ್ಕನ್ನು ಬದಲಿಸುವುದಿಲ್ಲ ಎಂಬುದಷ್ಟೇ ಅದಕ್ಕೂ ಬ್ಯಾಟರಿಗೂ ಇರುವ ಸಾಮ್ಯ. ಈ ಗುಣಕ್ಕೆ ‘ಏಕಮುಖ’ ಎಂಬ ಪದ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಎಣಿಕೆ. ‘ಏಕಮುಖ ಸಂಚಾರ’ ಎಂಬ ಫಲಕವನ್ನು ಓದಿದವರು ಯಾರೂ ಆ ರಸ್ತೆಯಲ್ಲಿ ವಾಹನಗಳೆಲ್ಲ ಒಂದೇ ವೇಗದಲ್ಲಿ ಹೋಗುತ್ತವೆ ಎಂದು ತಿಳಿಯುವುದಿಲ್ಲ. ಹಿಂದಕ್ಕೆ ಬರುವಂತಿಲ್ಲ ಎಂದಷ್ಟೇ ತಿಳಿಯುತ್ತಾರೆ.

ಇದು ಬರಿಯ ಪದಗಳ ನಾಜೂಕಲ್ಲ ಎಂಬುದಕ್ಕೆ ಪ್ರಯೋಗದ ಅಂಕಿಗಳೇ ಸಾಕ್ಷಿ. ಟ್ರಾನ್ಸ್‌ಫಾರ್ಮರು ನಿಜಕ್ಕೂ 12 ವೋಲ್ಟನ್ನೇ ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಆ 12 ಎಂಬುದು ಪರಿಣಾಮಕಾರಿ ಮೌಲ್ಯ, ಅಂದರೆ ಅಷ್ಟೇ ಶಾಖವನ್ನು ಹುಟ್ಟಿಸುವ ನೇರ ವೋಲ್ಟೇಜು. ಅದರ ಶಿಖರ ಸುಮಾರು 17 ವೋಲ್ಟ್. ಬ್ರಿಡ್ಜಿನಲ್ಲಿ ಒಂದು ಸಲಕ್ಕೆ ಎರಡು ಡಯೋಡುಗಳ ಮೂಲಕ ಹಾಯಬೇಕಾದ್ದರಿಂದ ಸುಮಾರು 1.4 ವೋಲ್ಟ್ ಅಲ್ಲಿಯೇ ಖರ್ಚಾಗಿ, ಹೊರಗೆ ಹದಿನೈದೂವರೆ ವೋಲ್ಟಿನ ಶಿಖರ ಉಳಿಯುತ್ತದೆ. ಕೆಪಾಸಿಟರನ್ನು ಜೋಡಿಸದೆ, ಒಂದು ಕಿಲೋಓಮಿನ ರೆಸಿಸ್ಟರನ್ನು ಮಾತ್ರ ಅಡ್ಡಲಾಗಿ ಇಟ್ಟು ಡಿಸಿ ಗುರುತಿನಲ್ಲಿ ಮೀಟರನ್ನು ಹಿಡಿದರೆ ಒಂಬತ್ತೂವರೆ ವೋಲ್ಟಿನ ಆಸುಪಾಸಿನ ಅಂಕಿ ಬರುತ್ತದೆ. ವಿದ್ಯಾರ್ಥಿ ಅದನ್ನು ‘ನೇರ ವೋಲ್ಟೇಜ್ 9.5’ ಎಂದು ಬರೆದುಕೊಂಡು, ಹನ್ನೆರಡರಲ್ಲಿ ಎರಡೂವರೆ ವೋಲ್ಟನ್ನು ಡಯೋಡುಗಳು ನುಂಗಿದವು ಎಂಬ ತೀರ್ಮಾನಕ್ಕೆ ಬರುತ್ತಾನೆ. ಆಮೇಲೆ ಸಾವಿರ ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಜೋಡಿಸಿದಾಗ ಅದೇ ಮೀಟರು ಹದಿನೈದರ ಮೇಲೆ ತೋರಿಸುತ್ತದೆ; ಆಗ ಅವನು ಕೆಪಾಸಿಟರು ವೋಲ್ಟೇಜನ್ನು ಹೆಚ್ಚಿಸಿತು ಎನ್ನುತ್ತಾನೆ. ಎರಡೂ ಸರಿಯಲ್ಲ. ಡಿಸಿ ಗುರುತಿನಲ್ಲಿ ಮೀಟರು ತೋರಿಸುವುದು ಸರಾಸರಿಯನ್ನು. ಶಿಖರ ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಗುಡ್ಡಗಳ ನಡುವಿನ ಕಣಿವೆಗಳನ್ನು ಕೆಪಾಸಿಟರು ತುಂಬಿದ್ದರಿಂದ ಸರಾಸರಿ ಶಿಖರದ ಹತ್ತಿರಕ್ಕೆ ಏರಿತು. ಹಾಗಾಗಿ ಕೈಪಿಡಿಯಲ್ಲಿ ಕೆಪಾಸಿಟರಿಗೆ ಮೊದಲು ‘ಏಕಮುಖ ವೋಲ್ಟೇಜಿನ ಸರಾಸರಿ’ ಎಂದೂ, ಕೆಪಾಸಿಟರಿನ ನಂತರ ‘ಸಮಗೊಳಿಸಿದ ವೋಲ್ಟೇಜ್’ ಎಂದೂ, ‘ನೇರ’ ಎಂಬುದನ್ನು ಬ್ಯಾಟರಿಗೆ ಮತ್ತು (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ) ರೆಗ್ಯುಲೇಟರಿನ ಆಚೆಗೆ ಮಾತ್ರ ಉಳಿಸಿಕೊಂಡೂ ಬರೆಯಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಕೆಪಾಸಿಟರು ಕಣಿವೆಗಳನ್ನು ಪೂರ್ತಿ ತುಂಬುವುದಿಲ್ಲ. ನೂರು ಮಿಲಿಆಂಪಿಯರ್ ಎಳೆಯುತ್ತಿರುವಾಗ ಸಾವಿರ ಮೈಕ್ರೋಫ್ಯಾರಡಿನ ಮೇಲೆ ತುದಿಯಿಂದ ತಳಕ್ಕೆ ಸುಮಾರು ಒಂದು ವೋಲ್ಟಿನಷ್ಟು ಅಲುಗಾಟ ಉಳಿಯುತ್ತದೆ. ರಿಪ್ಪಲ್ ಎಂಬ ಇದಕ್ಕೆ ‘ಏರಿಳಿತ’ ಎನ್ನುವುದು ಸುಲಭ. ಆದರೆ ಮಲೆನಾಡಿನಲ್ಲಿ ‘ವೋಲ್ಟೇಜ್ ಏರಿಳಿತ’ ಎಂದರೆ ಬೇರೆಯೇ ಅರ್ಥ. ಉದ್ದನೆಯ ತಂತಿಯ ಕೊನೆಯಲ್ಲಿರುವ ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಲ್ಲಿ ಸಂಜೆ ಪಂಪುಸೆಟ್ಟುಗಳು ಓಡುವಾಗ ದೀಪ ಮಂಕಾಗುವುದಕ್ಕೆ, ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂನ ಕಚೇರಿಗೆ ಕೊಡುವ ದೂರಿನ ಅರ್ಜಿಗೆ, ಪತ್ರಿಕೆಯ ವರದಿಗೆ ಆ ಪದ ಈಗಾಗಲೇ ಸಂದುಹೋಗಿದೆ. (‘ಕರೆಂಟಿದೆ, ವೋಲ್ಟೇಜಿಲ್ಲ’ ಎಂಬ ಮಾತು ಭೌತಶಾಸ್ತ್ರದ ಮೇಷ್ಟರಿಗೆ ವಿಚಿತ್ರವಾಗಿ ಕೇಳಿಸಬಹುದು, ಕೇಳಿದ ಲೈನ್‌ಮ್ಯಾನಿಗೆ ಪೂರ್ತಿ ಅರ್ಥವಾಗುತ್ತದೆ.) ಗಂಟೆಗಳ ಲೆಕ್ಕದಲ್ಲಿ ಆಗುವ ಆ ಏರಿಳಿತಕ್ಕೂ ಸೆಕೆಂಡಿಗೆ ನೂರು ಸಲ ಆಗುವ ಈ ಅಲುಗಾಟಕ್ಕೂ ಒಂದೇ ಹೆಸರಿಟ್ಟರೆ ದೋಷ ಹುಡುಕುವವನು ದಾರಿ ತಪ್ಪುತ್ತಾನೆ. ಮನೆಗೆ 230ರ ಬದಲು 180 ವೋಲ್ಟ್ ಬರುತ್ತಿದ್ದರೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರು ಕೊಡುವುದು ಒಂಬತ್ತೂ ಚಿಲ್ಲರೆ ಮಾತ್ರ. ಆಗ ಕೆಪಾಸಿಟರನ್ನು ಬದಲಿಸಿ ಫಲವಿಲ್ಲ. ಮೈಕ್‌ಸೆಟ್ ರಿಪೇರಿಯವರು ಈ ಅಲುಗಾಟವನ್ನು ಕಿವಿಯಿಂದಲೇ ಗುರುತಿಸಿ ‘ಹಮ್ ಬರ್ತಾ ಇದೆ’ ಎನ್ನುತ್ತಾರೆ, ಆದರೆ ಅದು ಸದ್ದಿನ ಹೆಸರು, ವೋಲ್ಟೇಜಿನದಲ್ಲ. ‘ಕಿರುದೆರೆ’ ಎಂಬ ಸಮಾಸ ನನಗೆ ಹಿಡಿಸಿದೆ. ಕಾವ್ಯದ ವಾಸನೆ ಹೊಡೆಯುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲಗಳೆಯಲಾರೆ.

ಕಿರುದೆರೆಯನ್ನು ಅಳೆಯಲು ಮೀಟರನ್ನು ಎಸಿ ಗುರುತಿಗೆ ತಿರುಗಿಸಬೇಕು. ಇಲ್ಲಿ ‘ಅಳೆಯುತ್ತದೆ’ ಮತ್ತು ‘ತೋರಿಸುತ್ತದೆ’ ಎಂಬ ಕ್ರಿಯಾಪದಗಳನ್ನು ಬೇರೆಯಾಗಿಯೇ ಬಳಸಬೇಕೆಂದು ನನಗೆ ತೋರುತ್ತದೆ. ಸಾಧಾರಣ ಮೀಟರುಗಳು ಎಸಿ ಗುರುತಿನಲ್ಲಿ ಅಳೆಯುವುದು ಮಡಚಿದ (ಸೊನ್ನೆಯ ಕೆಳಗಿನ ಭಾಗವನ್ನು ಮೇಲಕ್ಕೆ ತಿರುಗಿಸಿದ) ಅಲೆಯ ಸರಾಸರಿಯನ್ನು, ಅದನ್ನು 1.11ರಿಂದ ಗುಣಿಸಿ ಪರಿಣಾಮಕಾರಿ ಮೌಲ್ಯವೆಂದು ತೋರಿಸುತ್ತವೆ. ಶುದ್ಧ ಸೈನ್ ಅಲೆಗೆ ಮಾತ್ರ ಈ ಗುಣಕ ಸರಿ. ಅದೃಷ್ಟವಶಾತ್ ಕಿರುದೆರೆಯ ಗರಗಸದಂಥ ಆಕಾರಕ್ಕೆ ವ್ಯತ್ಯಾಸ ಅಲ್ಪ: ಒಂದು ವೋಲ್ಟಿನ ಅಲುಗಾಟಕ್ಕೆ ಹೇಗೂ 0.3ರ ಸಮೀಪದ ಅಂಕಿಯೇ ಬರುತ್ತದೆ. ಆದರೆ ಮೀಟರಿನ ಒಳಗೆ ಡಿಸಿಯನ್ನು ತಡೆಯುವ ಕೆಪಾಸಿಟರ್ ಇರಬೇಕು. ಅದಿಲ್ಲದ ಕೆಲವು ಅಗ್ಗದ ಮೀಟರುಗಳನ್ನು ಎಸಿ ಗುರುತಿನಲ್ಲಿಟ್ಟು 9 ವೋಲ್ಟಿನ ಬ್ಯಾಟರಿಗೆ ಹಿಡಿದರೆ 20ರ ಸುಮಾರಿಗೆ ತೋರಿಸಿ, ಕೆಂಪು ಕಪ್ಪು ವಯರುಗಳನ್ನು ಅದಲುಬದಲು ಮಾಡಿದಾಗ ಸೊನ್ನೆಗೆ ಇಳಿಯುತ್ತವೆ. ಅಂಥ ಮೀಟರಿನಿಂದ ಕಿರುದೆರೆಯನ್ನು ತಿಳಿಯುವಂತಿಲ್ಲ. ಆ 20 ಯಾವುದರ ಅಳತೆಯೂ ಅಲ್ಲ, ಬರಿಯ ತೋರಿಕೆ. ರೀಡಿಂಗ್ ಎಂಬುದಕ್ಕೆ ‘ತೋರಿಕೆ’ ಎಂದೇ ಬರೆದರೆ ‘ತೋರಿಕೆಯ ಭಕ್ತಿ’ಯಲ್ಲಿರುವ ಸಂಶಯದ ಛಾಯೆಯೂ ಬರುತ್ತದೆ, ಅದು ಇಲ್ಲಿ ದೋಷವೋ ಗುಣವೋ ನಿರ್ಧರಿಸಲಾರದೆ ಕೇಳುತ್ತಿದ್ದೇನೆ.

ಲೋಡ್ (ವಿದ್ಯುತ್ತನ್ನು ಎಳೆದು ಬಳಸುವ ಸಾಧನ) ಎಂಬುದಕ್ಕೆ ‘ಹೊರೆ’ ಎಂದು ಹಾಕಿದ್ದೇನೆ. ಸೊಪ್ಪಿನ ಹೊರೆ, ದರಕಿನ (ಒಣಗಿ ಉದುರಿದ ಎಲೆಯ) ಹೊರೆ ಕಂಡ ಊರಿನವರಿಗೆ ‘ಹೊರೆ ಕೊಟ್ಟು ನೋಡಿ’ ಎಂದರೆ ವೋಲ್ಟೇಜ್ ಯಾಕೆ ತಗ್ಗಿತು ಎಂದು ವಿವರಿಸಬೇಕಾಗುವುದಿಲ್ಲ. ಡಯೋಡ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳನ್ನು ಅಂಗಡಿಯಲ್ಲಿ ಕೇಳುವ ಹೆಸರಿನಲ್ಲೇ ಬಿಟ್ಟಿದ್ದೇನೆ. ಉಳಿದದ್ದು ಆರ್‌ಎಂಎಸ್ (ರೂಟ್ ಮೀನ್ ಸ್ಕ್ವೇರ್, ಅಂದರೆ ವರ್ಗಗಳ ಸರಾಸರಿಯ ವರ್ಗಮೂಲ) ಒಂದೇ. ಮೇಲೆ ‘ಪರಿಣಾಮಕಾರಿ ಮೌಲ್ಯ’ ಎಂದು ಬಳಸಿದ್ದೇನೆ. ಅಷ್ಟೇ ಶಾಖವನ್ನು ಹುಟ್ಟಿಸುವ ನೇರ ವೋಲ್ಟೇಜು ಎಂಬ ಅರ್ಥ ಅದರಲ್ಲಿ ಅಡಕವಾಗಿದೆ, ಆದರೆ ಲೆಕ್ಕ ಹಾಕುವ ಕ್ರಮ ಕಾಣುವುದಿಲ್ಲ. ಕ್ರಮವನ್ನೂ ಹೇಳುವ, ಹದಿನೇಳರ ಹುಡುಗ ತಡವರಿಸದೆ ಓದಬಲ್ಲ ಪದ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಬಳಕೆಯ ಒಂದು ವಾಕ್ಯದೊಂದಿಗೆ ತಿಳಿಸಬೇಕು.